ಮದುವೆ ಆಗಬೇಕೋ, ಒಬ್ಬರೇ ಇರಬೇಕೋ: ಕ್ರೈಸ್ತ ಯುವಜನರು ತೀರ್ಮಾನಕ್ಕೆ ಬರುವ ದಾರಿ

ಇಪ್ಪತ್ತಾರು ದಾಟಿದ ಹುಡುಗಿಗೂ ಮೂವತ್ತು ಮುಟ್ಟಿದ ಹುಡುಗನಿಗೂ ದಾವಣಗೆರೆಯ ಯಾವ ಚರ್ಚಿನಲ್ಲಾದರೂ ಭಾನುವಾರದ ಆರಾಧನೆ ಮುಗಿದ ಕೂಡಲೇ ಎದುರಾಗುವ ಪ್ರಶ್ನೆ ಒಂದೇ: "ಊಟ ಹಾಕ್ಸೋದು ಯಾವಾಗ?" ಕೇಳುವವರಿಗೆ ಅದು ಬರೀ ಕ್ಷೇಮಸಮಾಚಾರ. ಕೇಳಿಸಿಕೊಳ್ಳುವವರಿಗೆ ಅಷ್ಟು ಹಗುರ ಅಲ್ಲ.

ವಿಚಿತ್ರ ನೋಡಿ. ನಮ್ಮದು ಮಠಗಳ ಸೀಮೆ. ಚಿತ್ರದುರ್ಗ, ಸಿರಿಗೆರೆ ಕಡೆ ಕಾವಿ ಉಟ್ಟವರಿಗೆ ಯಾರೂ ಈ ಪ್ರಶ್ನೆ ಕೇಳುವುದಿಲ್ಲ. ಹರಿಹರದ ಆರೋಗ್ಯ ಮಾತೆ ಹಬ್ಬದಲ್ಲಿ ಕಾಣುವ ಸಿಸ್ಟರ್‌ಗಳಿಗೂ ಕೇಳುವುದಿಲ್ಲ. ಆದರೆ ಚೂಡಿದಾರ್ ಹಾಕಿಕೊಂಡು ಬ್ಯಾಂಕಿಗೆ ಹೋಗಿ ಬರುವ ಹುಡುಗಿ "ನನಗೆ ಸದ್ಯ ಬೇಡ" ಅಂದರೆ ಸಾಕು, ಅವಳಲ್ಲಿ ಏನೋ ಐಬು ಇದೆ ಅಂತ ಹುಡುಕೋಕೆ ಶುರು ಮಾಡುತ್ತಾರೆ. ಒಂಟಿಯಾಗಿರುವುದಕ್ಕೂ ನಮ್ಮಲ್ಲಿ ಒಂದು ಯೂನಿಫಾರ್ಮ್ ಬೇಕು.

ಹೊಸ ಒಡಂಬಡಿಕೆಯಲ್ಲಿ ಈ ಯೂನಿಫಾರ್ಮ್ ಇಲ್ಲ. ಮದುವೆ ಒಳ್ಳೆಯದು, ಮದುವೆಯಾಗದೆ ಇರುವುದೂ ಒಳ್ಳೆಯದು, ಆರಿಸಿಕೊಳ್ಳುವುದು ನಿಮಗೆ ಬಿಟ್ಟದ್ದು ಅನ್ನುತ್ತದೆ. ಸಂಯಮವನ್ನು ಮಾತ್ರ ಯಾರ ಇಷ್ಟಕ್ಕೂ ಬಿಡುವುದಿಲ್ಲ. ಗಲಾತ್ಯದವರಿಗೆ ಬರೆದ ಪತ್ರದ 5ನೇ ಅಧ್ಯಾಯದಲ್ಲಿ ಪವಿತ್ರಾತ್ಮನ ಫಲಗಳ ಪಟ್ಟಿ ಇದೆಯಲ್ಲ, ಅದರ ಕೊನೆಯಲ್ಲಿ ಸಂಯಮ ಇದೆ. ಅದು ಮದುವೆಯಾದವರಿಗೂ ಬೇಕು, ಆಗದವರಿಗೂ ಬೇಕು. ನಮ್ಮ ಮನೆಗಳಲ್ಲಿ ಇದು ತಿರುವುಮುರುವಾಗಿದೆ. ಮದುವೆ ಕಡ್ಡಾಯ, ಸಂಯಮ ಆಮೇಲೆ ನೋಡಿಕೊಳ್ಳೋಣ ಅನ್ನುವ ಹಾಗೆ. ಆದ್ದರಿಂದ ಕೆಳಗಿನ ಹೆಜ್ಜೆಗಳನ್ನು ಇದೇ ಕ್ರಮದಲ್ಲಿ ಇಡಿ.

1. ಒಂದು ಪೆನ್ಸಿಲ್ ತಗೊಂಡು ಆ ಅಧ್ಯಾಯ ಓದಿ

ಕೊರಿಂಥದವರಿಗೆ ಬರೆದ ಮೊದಲ ಪತ್ರದ 7ನೇ ಅಧ್ಯಾಯ. ಒಟ್ಟು 40 ವಚನ. ಪ್ರಸಂಗದಲ್ಲಿ ಒಂದೊಂದೇ ವಚನ ಕಿತ್ತು ಹೇಳುತ್ತಾರಲ್ಲ, ಹಾಗೆ ಬೇಡ. ಒಂದೇ ಸಲ ಕೂತು, ಬಾಯಿಬಿಟ್ಟು, ಪೂರ್ತಿ ಓದಿ. ಹತ್ತು ನಿಮಿಷವೂ ಹಿಡಿಯುವುದಿಲ್ಲ.

ಅಪೊಸ್ತಲ ಪೌಲ ಇದನ್ನು ಬರೆದದ್ದು ಎಫೆಸದಿಂದ, ಹೆಚ್ಚುಕಡಿಮೆ ಕ್ರಿ.ಶ. 55ರ ಹೊತ್ತಿಗೆ. ಕೊರಿಂಥದ ಸಭೆಯವರು ಕೆಲವು ಪ್ರಶ್ನೆ ಬರೆದು ಕಳಿಸಿದ್ದರು, ಇದು ಉತ್ತರ. ಎರಡನೇ ಸಲ ಓದುವಾಗ ಪೆನ್ಸಿಲ್ ಹಿಡಿಯಿರಿ. 10ನೇ ವಚನದಲ್ಲಿ "ಇದು ಕರ್ತನ ಆಜ್ಞೆ, ನನ್ನದಲ್ಲ" ಅನ್ನುತ್ತಾನೆ. ಅದು ಗಂಡ ಹೆಂಡತಿ ಬಿಟ್ಟುಹೋಗಬಾರದು ಅನ್ನುವ ಮಾತು. ಅಲ್ಲಿ ಎರಡು ಗೆರೆ ಎಳೆಯಿರಿ. 12ರಲ್ಲಿ "ಇದು ನಾನು ಹೇಳುವುದು, ಕರ್ತನಲ್ಲ" ಅನ್ನುತ್ತಾನೆ. ಅಲ್ಲಿ ಒಂದು ಗೆರೆ. ಇನ್ನು 25ಕ್ಕೆ ಬನ್ನಿ. ಮದುವೆಯಾಗದವರ ವಿಷಯ ಬಿಡಿಸಿ ಹೇಳುವುದು ಇಲ್ಲಿ. ಈ ಬಗ್ಗೆ ಕರ್ತನಿಂದ ನನಗೆ ಅಪ್ಪಣೆ ಇಲ್ಲ, ನನ್ನ ಅಭಿಪ್ರಾಯ ಹೇಳುತ್ತೇನೆ ಅನ್ನುತ್ತಾನೆ. ಅಲ್ಲಿ ಒಂದು ಸೊನ್ನೆ ಹಾಕಿ. 28ರಲ್ಲಿ ಮದುವೆಯಾದರೆ ಪಾಪವಿಲ್ಲ ಅನ್ನುತ್ತಾನೆ. 35ರಲ್ಲಿ, ನಿಮ್ಮ ಕೊರಳಿಗೆ ಉರುಲು ಹಾಕಬೇಕಂತ ನಾನು ಇದನ್ನು ಹೇಳುತ್ತಿಲ್ಲ, ನಿಮ್ಮ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ ಅನ್ನುವ ಅರ್ಥದ ಮಾತು ಇದೆ.

ಪೌಲನಿಗೆ ಒಂಟಿ ಬಾಳೇ ಇಷ್ಟ. ಅದನ್ನು ಅವನು ಮುಚ್ಚಿಡುವುದೂ ಇಲ್ಲ. ಮದುವೆಯಾಗದವರಿಗೆ ದೇವರ ಕೆಲಸದ ಮೇಲೆ ಪೂರ್ತಿ ಗಮನ ಇಡಲು ಸಾಧ್ಯ ಅನ್ನುತ್ತಾನೆ. ಆದರೂ ತನ್ನ ಇಷ್ಟವನ್ನು ಇನ್ನೊಬ್ಬರ ಮೇಲೆ ಹೇರುವುದಿಲ್ಲ. 7ನೇ ವಚನದಲ್ಲಿ ಒಬ್ಬೊಬ್ಬರಿಗೆ ಒಂದೊಂದು ವರ ಅನ್ನುತ್ತಾನೆ.

ಇದನ್ನು ಯಾಕೆ ಇಷ್ಟು ಎಳೆದು ಹೇಳುತ್ತಿದ್ದೇನೆ ಅಂದರೆ, ಕೆಲವು ಸಭೆಗಳಲ್ಲಿ "ದರ್ಶನದಲ್ಲಿ ಕಂಡೆ, ನಿನ್ನ ಮದುವೆ ಇಂಥವರ ಮಗನ ಜೊತೆ" ಅಂತ ಹೇಳುವವರು ಇದ್ದಾರೆ. ಅಪೊಸ್ತಲನೇ ಅಪ್ಪಣೆ ಇಲ್ಲ ಅಂತ ಒಪ್ಪಿಕೊಂಡ ಜಾಗದಲ್ಲಿ ಇವರಿಗೆ ಅಪ್ಪಣೆ ಎಲ್ಲಿಂದ ಬಂತು? ಗೌರವದಿಂದಲೇ ಕೇಳಿ, ಆದರೆ ಕೇಳಿ. ಅದೇ ರೀತಿ "ಮದುವೆ ಬೇಡ, ಅದು ಲೋಕದ ಆಸೆ" ಅನ್ನುವವರಿಗೆ ತಿಮೊಥೆಯನಿಗೆ ಬರೆದ ಮೊದಲ ಪತ್ರದ 4ನೇ ಅಧ್ಯಾಯ ತೋರಿಸಿ. ಮದುವೆ ಬೇಡ ಅನ್ನುವುದನ್ನು ಅಲ್ಲಿ ಸುಳ್ಳು ಬೋಧನೆಯ ಪಟ್ಟಿಗೇ ಸೇರಿಸಿದೆ. ಪೇತ್ರನಿಗೆ ಅತ್ತೆ ಇದ್ದಳು ಅಂತ ಮಾರ್ಕನ ಸುವಾರ್ತೆಯಲ್ಲಿದೆ. ಹೆಂಡತಿಯನ್ನು ಕರೆದುಕೊಂಡೇ ಅವನು ಸೇವೆಗೆ ಹೋಗುತ್ತಿದ್ದ.

ನಮ್ಮ ಸಭೆಗಳಿಗೂ ಒಂದೊಂದು ವಾಲು ಇದೆ. ಕಥೋಲಿಕರಲ್ಲಿ ಬ್ರಹ್ಮಚರ್ಯಕ್ಕೆ ಒಂದು ಕೈ ಮೇಲು. ಪ್ರೊಟೆಸ್ಟೆಂಟರಲ್ಲಿ, 1525ರಲ್ಲಿ ಲೂಥರ್ ಮಾಜಿ ಸನ್ಯಾಸಿನಿ ಕಥರೀನಾಳನ್ನು ಮದುವೆಯಾದ ಮೇಲೆ, ಸಂಸಾರ ಇಲ್ಲದ ಪಾಸ್ಟರ್ ಅಂದರೆ ಹುಬ್ಬೇರಿಸುವ ಮಟ್ಟಕ್ಕೆ ಬಂದಿದೆ. ನೀವು ಯಾವ ಸಭೆಯವರೋ ಆ ಸಭೆಯ ವಾಲು ನಿಮ್ಮ ತಲೆಯಲ್ಲೂ ಇರುತ್ತದೆ. ಅದನ್ನು ದೇವರ ಕರೆ ಅಂದುಕೊಳ್ಳಬೇಡಿ.

2. ನಿಮ್ಮ ಕಿಂಡಿ ಯಾವುದು ಅಂತ ನೋಡಿಕೊಳ್ಳಿ

ಮನಸ್ಸು ಹತೋಟಿಯಲ್ಲಿ ಇಲ್ಲದವನು ಗೋಡೆ ಬಿದ್ದ ಪಟ್ಟಣದ ಹಾಗೆ ಅನ್ನುತ್ತದೆ ಜ್ಞಾನೋಕ್ತಿಯ 25ನೇ ಅಧ್ಯಾಯದ ಕೊನೆಯ ವಚನ. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸ್ಕೂಲ್ ಟ್ರಿಪ್ಪಿನಲ್ಲಿ ದುರ್ಗದ ಕೋಟೆ ಹತ್ತಿದವರೇ ಎಲ್ಲರೂ. ಏಳು ಸುತ್ತಿನ ಕಲ್ಲಿನ ಕೋಟೆ. ಆದರೂ ಓಬವ್ವನ ಕಥೆಯಲ್ಲಿ ಹೈದರಾಲಿಯ ಸೈನಿಕರು ನುಗ್ಗಿದ್ದು ಒಬ್ಬರು ತೂರುವಷ್ಟು ಕಿಂಡಿಯಲ್ಲಿ, ಅದೂ ಕಾವಲುಗಾರ ಊಟಕ್ಕೆ ಹೋದ ಹೊತ್ತಿನಲ್ಲಿ.

ನಿಮ್ಮ ಕಾವಲುಗಾರ ಊಟಕ್ಕೆ ಹೋಗುವ ಹೊತ್ತು ಯಾವುದು? ಇದಕ್ಕೆ ಉತ್ತರ ಗೊತ್ತಿಲ್ಲದೆ "ದೇವರೇ, ಬಲ ಕೊಡು" ಅಂತ ಪ್ರಾರ್ಥಿಸಿದರೆ ಅರ್ಧ ಕೆಲಸ ಮಾಡಿದ ಹಾಗೆ. ಒಂದು ವಾರ ಗಮನಿಸಿ. ಹೆಚ್ಚಿನವರಿಗೆ ಅದು ರಾತ್ರಿ ಹನ್ನೊಂದರ ಮೇಲೆ, ಮಂಚದ ಮೇಲೆ, ಕೈಯಲ್ಲಿ ಫೋನ್ ಇದ್ದಾಗ. ಕೆಲವರಿಗೆ ಆಫೀಸಿನಲ್ಲಿ ಬೈಸಿಕೊಂಡು ಬಂದ ದಿನ. ಪಿಜಿಯಲ್ಲಿ ಇರುವವರಿಗೆ ರೂಮ್‌ಮೇಟ್ ಊರಿಗೆ ಹೋದ ಶನಿವಾರ. ಕೆಲವರಿಗೆ ಸೋದರಮಾವನ ಮಗಳ ಮದುವೆ ಮುಗಿಸಿಕೊಂಡು ಬಂದ ರಾತ್ರಿ. ಬಯಕೆಗಿಂತ ಸುಸ್ತು, ಸಿಟ್ಟು, ಒಂಟಿತನವೇ ಜಾಸ್ತಿ ಕೆಲಸ ಮಾಡುತ್ತವೆ.

ಆಮೇಲೆ ಆ ಕಿಂಡಿಗೆ ತಕ್ಕ ಉಪಾಯ ಮಾಡಿ. ಫೋನಿನ ಚಾರ್ಜರನ್ನು ಹಾಲಿಗೆ ಸಾಗಿಸಿ, ಎಬ್ಬಿಸೋಕೆ ನೂರೈವತ್ತು ಇನ್ನೂರು ರೂಪಾಯಿಯ ಅಲಾರಾಂ ಗಡಿಯಾರ ಸಾಕು. ಶನಿವಾರ ಸಂಜೆಗೆ ಮೊದಲೇ ಒಂದು ಕೆಲಸ ಗೊತ್ತು ಮಾಡಿಕೊಳ್ಳಿ. ಕಾಮದ ವಿಷಯದಲ್ಲಿ ಬೈಬಲ್ ನಿಂತು ಕಾದಾಡು ಅನ್ನುವುದಿಲ್ಲ, ಓಡು ಅನ್ನುತ್ತದೆ. ಯಜಮಾನ ಪೋಟೀಫರನ ಹೆಂಡತಿ ಬಟ್ಟೆ ಹಿಡಿದು ಎಳೆದಾಗ ಯೋಸೇಫ ಮಾಡಿದ್ದೂ ಅದೇ. ಬಟ್ಟೆ ಅವಳ ಕೈಯಲ್ಲೇ ಬಿಟ್ಟು ಓಡಿದ. ಅಲ್ಲೇ ನಿಂತು ತನ್ನ ಮನೋಬಲ ಪರೀಕ್ಷೆ ಮಾಡಿಕೊಳ್ಳಲಿಲ್ಲ.

ಚಿಕ್ಕದರಲ್ಲಿ ರೂಢಿ ಮಾಡಿ. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ನಲವತ್ತು ದಿನ ಇರುವುದೇ ಇದಕ್ಕೆ. ಮಾಂಸ ಬಿಡುವುದು ಒಳ್ಳೆಯದೇ, ಆದರೆ ಮಾಂಸದ ಬದಲು ಎರಡು ಪ್ಲೇಟ್ ಬೆಣ್ಣೆ ದೋಸೆ ಹೊಡೆದರೆ ಅದೆಂಥ ಉಪವಾಸ? ಹಸಿವಾದಾಗ ಒಂದು ಗಂಟೆ ಕಾಯುವುದು, ಸಿಟ್ಟು ಬಂದಾಗ ಮೆಸೇಜ್ ಬರೆದು ಕಳಿಸದೆ ಅಳಿಸುವುದು, ಇವೆಲ್ಲ ಅದೇ ಪಾಠದ ಭಾಗ.

ಒಬ್ಬರಿಗೆ ಹೇಳಿಕೊಳ್ಳಿ. ಗಂಡಸರು ಹಿರಿಯ ಗಂಡಸಿಗೆ, ಹೆಂಗಸರು ಹಿರಿಯ ಹೆಂಗಸಿಗೆ. ಬಾಯಿ ಭದ್ರ ಇರುವವರನ್ನು ನೋಡಿ ಆರಿಸಿ. ವಾಟ್ಸಾಪ್ ಪ್ರಾರ್ಥನಾ ಗುಂಪಿನಲ್ಲಿ ಖಂಡಿತ ಬೇಡ. ಬಿದ್ದ ದಿನ ಪಶ್ಚಾತ್ತಾಪಪಡಿ, ಕಥೋಲಿಕರಾದರೆ ಪಾಪನಿವೇದನೆಗೆ ಹೋಗಿ. ಆದರೆ ಅವತ್ತೇ "ನನ್ನಿಂದ ಆಗಲ್ಲ, ಬೇಗ ಮದುವೆ ಮಾಡಿಬಿಡಿ" ಅನ್ನಬೇಡಿ. "ಇನ್ನು ಜೀವಮಾನದಲ್ಲಿ ಮದುವೆನೇ ಬೇಡ" ಅಂತ ಹರಕೆಯನ್ನೂ ಹೊರಬೇಡಿ. ಇಂಥ ತೀರ್ಮಾನಕ್ಕೆ ತಣ್ಣಗಿನ ತಲೆ ಬೇಕು.

3. "ಮದುವೆ ಮಾಡಿದ್ರೆ ಸರಿ ಹೋಗ್ತಾನೆ" ಅನ್ನುವುದನ್ನು ನಂಬಬೇಡಿ

ಸಂಯಮ ಇಲ್ಲದಿದ್ದರೆ ಮದುವೆಯಾಗಲಿ, ಬೇಯುವುದಕ್ಕಿಂತ ಅದು ಮೇಲು ಅಂತ ಕೊರಿಂಥದ ಪತ್ರದ ಆ 7ನೇ ಅಧ್ಯಾಯದ 9ನೇ ವಚನದಲ್ಲಿದೆ. ಈ ಒಂದು ವಚನ ಇಟ್ಟುಕೊಂಡು ನಮ್ಮಲ್ಲಿ ಎಷ್ಟು ಹೆಣ್ಣುಮಕ್ಕಳ ಬಾಳು ಹಾಳು ಮಾಡಿಲ್ಲ ಹೇಳಿ. ಮಗ ಕುಡಿಯುತ್ತಾನೆ, ಮದುವೆ ಮಾಡಿ. ದುಡ್ಡು ಉಳಿಸಲ್ಲ, ಮದುವೆ ಮಾಡಿ. ರಾತ್ರಿಯಿಡೀ ಫೋನ್, ಮದುವೆ ಮಾಡಿ. ಸೊಸೆ ಅಂದರೆ ಡಾಕ್ಟರೂ ಹೌದು, ಔಷಧಿಯೂ ಹೌದು!

ಪೌಲ ಅಲ್ಲಿ ಹೇಳುವುದು ಸಹಜ ಬಯಕೆಯ ಮಾತು. ಬಯಕೆ ಇದ್ದರೆ ನಾಚಬೇಕಾಗಿಲ್ಲ, ಮದುವೆಯಾಗಿ ಅಂತ. ಚಟಕ್ಕೆ ಮದುವೆ ಮದ್ದು ಅಂತ ಅವನು ಎಲ್ಲೂ ಹೇಳಿಲ್ಲ. ಕುಡಿತ, ಜೂಜು, ಅಶ್ಲೀಲ ವಿಡಿಯೊ ಚಟ ಮದುವೆಯ ಮೂರನೇ ತಿಂಗಳಿಗೆ ವಾಪಸ್ ಬಂದರೆ, ಆಗ ಅದನ್ನು ಅನುಭವಿಸುವವರು ಇಬ್ಬರು. ಚಟಕ್ಕೆ ಮೊದಲು ಚಿಕಿತ್ಸೆ ಆಗಬೇಕು. ಹೆಣ್ಣು ನೋಡುವುದೆಲ್ಲ ಅದಾದ ಮೇಲೆ.

ಮದುವೆಯಲ್ಲಿ ಸಂಯಮ ಕಡಿಮೆ ಸಾಕು ಅನ್ನುವುದೂ ಭ್ರಮೆ. ಅದೇ ಅಧ್ಯಾಯದ 4ನೇ ವಚನ ಓದಿ. ಹೆಂಡತಿಯ ದೇಹದ ಮೇಲೆ ಗಂಡನಿಗೆ ಅಧಿಕಾರ ಅಂದವನು, ಅದೇ ಉಸಿರಿನಲ್ಲಿ ಗಂಡನ ದೇಹದ ಮೇಲೆ ಹೆಂಡತಿಗೂ ಅಧಿಕಾರ ಅನ್ನುತ್ತಾನೆ. ಆ ಕಾಲಕ್ಕೆ ಇದು ಸಣ್ಣ ಮಾತಲ್ಲ. ಮುಂದಿನ ವಚನದಲ್ಲಿ, ಪ್ರಾರ್ಥನೆಗಾಗಿ ಸ್ವಲ್ಪ ಕಾಲ ಅಗಲಿರುವುದಾದರೂ ಇಬ್ಬರೂ ಒಪ್ಪಿಯೇ ಅಗಲಿರಿ ಅನ್ನುತ್ತಾನೆ. ಅಂದರೆ ಒಬ್ಬರ ಬಲವಂತಕ್ಕೆ ಅಲ್ಲಿ ಜಾಗ ಇಲ್ಲ. ಹೆರಿಗೆ, ಬಾಣಂತನ, ಕಾಯಿಲೆ, ಬೆಂಗಳೂರಿನ ನೌಕರಿ ಅಂತ ಹದಿನೈದು ದಿನಕ್ಕೊಮ್ಮೆ ಊರಿಗೆ ಬರುವ ಗಂಡ, ಇಲ್ಲೆಲ್ಲ ಬೇಕಾಗುವುದು ಸಂಯಮವೇ. ಅದನ್ನು ಮದುವೆಗೆ ಮುಂಚೆ ಕಲಿಯದವನು ಮಂಟಪದಲ್ಲಿ ಕಲಿಯುವುದಿಲ್ಲ.

4. ಕಾರಣಗಳನ್ನು ಬರೆಯಿರಿ

ನೋಟ್‌ಬುಕ್ಕಿನಲ್ಲಿ, ಕೈಯಲ್ಲಿ, ಯಾರಿಗೂ ತೋರಿಸದೆ. ಮದುವೆ ಬೇಕು ಅನ್ನಿಸುತ್ತಿದ್ದರೆ ಯಾಕೆ? ಬೇಡ ಅನ್ನಿಸುತ್ತಿದ್ದರೆ ಯಾಕೆ?

ಬರೆಯುವಾಗ ಪ್ರಾಮಾಣಿಕವಾಗಿರಿ. "ಕ್ಲಾಸ್‌ಮೇಟ್ಸ್ ಎಲ್ಲರದ್ದೂ ಆಯ್ತು" ಅನ್ನುವುದೂ ಒಂದು ಕಾರಣ, ಬರೆಯಿರಿ. "ಅಪ್ಪ ಅಮ್ಮನ ಜಗಳ ನೋಡಿ ಸಾಕಾಗಿದೆ", "ಪ್ರೀತಿಸಿದವನು ಕೈ ಕೊಟ್ಟ", "ವರದಕ್ಷಿಣೆಗೆ ಸಾಲ ಮಾಡಿಸೋಕೆ ಇಷ್ಟ ಇಲ್ಲ" ಅನ್ನುವುದನ್ನೂ ಬರೆಯಿರಿ. ಇವು ಯಾವೂ ಪಾಪ ಅಲ್ಲ. ಆದರೆ ನೋವಿನಿಂದ ಬಂದ "ಬೇಡ"ವನ್ನು ವರ ಅಂತ ಕರೆಯುವ ಮೊದಲು ಆ ನೋವು ಆರಲು ಬಿಡಿ. ಆರಿದ ಮೇಲೂ ಒಬ್ಬರೇ ಇರುವುದು ನೆಮ್ಮದಿ ಅನ್ನಿಸಿದರೆ, ಅದನ್ನು ಗಂಭೀರವಾಗಿ ತಗೊಳ್ಳಿ.

ಮತ್ತಾಯನ ಸುವಾರ್ತೆಯ 19ನೇ ಅಧ್ಯಾಯದಲ್ಲಿ ಯೇಸು ಮೂರು ಬಗೆಯವರನ್ನು ಹೆಸರಿಸುತ್ತಾನೆ: ಹುಟ್ಟಿನಿಂದ ಮದುವೆಗೆ ಆಗದವರು, ಮನುಷ್ಯರಿಂದ ಹಾಗಾದವರು, ಪರಲೋಕ ರಾಜ್ಯಕ್ಕಾಗಿ ತಾವೇ ಬಿಟ್ಟವರು. ಸಾಧ್ಯವಾದವರು ಇದನ್ನು ಸ್ವೀಕರಿಸಲಿ ಅಂತ ಮುಗಿಸುತ್ತಾನೆ. ನಮ್ಮ ಸಭೆಗಳಲ್ಲಿ ಮೂರನೆಯವರಿಗೆ ಮಾತ್ರ ಹಾರ. ತಂಗಿಯರ ಮದುವೆ ಮಾಡುತ್ತಾ ಮಾಡುತ್ತಾ ತನ್ನ ವಯಸ್ಸು ಕಳೆದುಕೊಂಡ ಅಕ್ಕ, ಕಾಯಿಲೆಯಿಂದಾಗಿ ಸಂಬಂಧ ಕೂಡಿ ಬರದ ಅಣ್ಣ, ಇವರನ್ನು ಯಾರೂ ವೇದಿಕೆಗೆ ಕರೆಯುವುದಿಲ್ಲ. ಯೇಸುವಿನ ಪಟ್ಟಿಯಲ್ಲಿ ಅಂಥವರನ್ನು ಕೈಬಿಟ್ಟಿಲ್ಲ. ಗಂಡ ತೀರಿಕೊಂಡವರ ಮಾತೂ ಬಂತು. ಕೊರಿಂಥದ ಪತ್ರದ ಆ 7ನೇ ಅಧ್ಯಾಯದ 39ನೇ ವಚನದಲ್ಲಿ ಆಕೆ ಬೇಕಾದವನನ್ನು ಮದುವೆಯಾಗಲು ಸ್ವತಂತ್ರಳು, ಆತ ಕರ್ತನಲ್ಲಿ ಇರುವವನಾದರೆ ಸಾಕು ಅಂತ ನೇರವಾಗಿದೆ. ಎರಡು ಮಕ್ಕಳಿರುವ ಮೂವತ್ತೈದರ ವಿಧವೆ ಮತ್ತೆ ಮದುವೆಯ ಮಾತೆತ್ತಿದರೆ ಗುಸುಗುಸು ಅನ್ನುವವರು ಆ ವಚನ ಓದಿಕೊಂಡು ಬರಲಿ.

5. ಮನೆಯಲ್ಲಿ ಮಾತಾಡಿ

ಇನ್ನೊಬ್ಬರ ಮದುವೆ ಊಟದ ಪಂಕ್ತಿಯಲ್ಲಿ ಬೇಡ, ದೊಡ್ಡಪ್ಪ ಬಂದಾಗ ಬೇಡ. ಭಾನುವಾರ ಮಧ್ಯಾಹ್ನ ಊಟ ಆಗಿ ಎಲ್ಲರೂ ಕಾಲು ಚಾಚಿದಾಗ ಒಳ್ಳೆಯದು. ಮೊದಲೇ "ನಾನು ಮದುವೆ ಆಗಲ್ಲ" ಅಂತ ಬಾಂಬ್ ಹಾಕಬೇಡಿ. "ಅಪ್ಪಾ, ನನಗೆ ಒಂದು ವರ್ಷ ಟೈಮ್ ಕೊಡಿ. ಮುಂದಿನ ಈಸ್ಟರ್ ಆದ ಮೇಲೆ ನಾನೇ ಕೂತು ಹೇಳ್ತೀನಿ. ಅಲ್ಲಿವರೆಗೆ ಬಯೋಡೇಟಾ ಯಾರಿಗೂ ಕಳಿಸಬೇಡಿ" ಅನ್ನಿ. ಗಡುವು ನೀವೇ ಹಾಕಿದರೆ ಅವರಿಗೂ ಸಮಾಧಾನ.

ಅಪ್ಪನ ಸಿಟ್ಟಿಗಿಂತ ಕಷ್ಟದ್ದು ಅಮ್ಮನ ಪ್ರಶ್ನೆ. "ನಾವು ಹೋದ ಮ್ಯಾಲೆ ನಿನ್ನ ಯಾರು ನೋಡ್ಕೊಳ್ತಾರವ್ವ?" ಇದಕ್ಕೆ ವಚನ ಹೇಳಿ ಬಾಯಿ ಮುಚ್ಚಿಸಬೇಡಿ. ಅದು ನಿಜವಾದ ಪ್ರಶ್ನೆ. ಅದಕ್ಕೆ ಲೆಕ್ಕದ ಉತ್ತರ ಬೇಕು. ಅದನ್ನು 8ನೇ ಹೆಜ್ಜೆಯಲ್ಲಿ ಹೇಳಿದ್ದೇನೆ.

6. ಮನಸ್ಸು ಮದುವೆ ಕಡೆ ಇದ್ದರೆ

ಖುಷಿಯಾಗಿ ಆಗಿ. ಕಡಿಮೆ ಭಕ್ತಿಯವರು ಮದುವೆಯಾಗುತ್ತಾರೆ ಅನ್ನುವ ಮಾತು ಕಿವಿಗೆ ಹಾಕಿಕೊಳ್ಳಬೇಡಿ. 1894ರ ಆ ದೊಡ್ಡ ಕನ್ನಡ ನಿಘಂಟು ಮಾಡಿದ ಕಿಟ್ಟೆಲ್ ಪಾದ್ರಿಗಳೂ ಸಂಸಾರಸ್ಥರೇ.

ಒಪ್ಪಿಗೆ ನಿಮ್ಮದೇ ಆಗಿರಲಿ. ಕಥೋಲಿಕ ಧರ್ಮಸಭೆಯ ಕಾನೂನಿನಲ್ಲಿ ಮದುವೆ ಆಗುವುದೇ ಇಬ್ಬರ ಒಪ್ಪಿಗೆಯಿಂದ. ಬಲವಂತ ಅಥವಾ ದೊಡ್ಡ ಭಯದಿಂದ ಆದ ಮದುವೆ ಮದುವೆಯೇ ಅಲ್ಲ ಅನ್ನುತ್ತದೆ 1103ನೇ ನಿಯಮ. ಮದುವೆಗೆ ಮುಂಚೆ ಫಾದರ್ ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಕೇಳುವುದು ಇದಕ್ಕೇ. ಅಲ್ಲಿ ತಲೆ ಅಲ್ಲಾಡಿಸಿ ಬರಬೇಡಿ, ಬಾಯಿಬಿಟ್ಟು ಹೇಳಿ. ಚರ್ಚಿನಲ್ಲಿ ಭಾನುವಾರಗಳಂದು ಮದುವೆ ಪ್ರಕಟಣೆ ಓದುವುದೂ ಸುಮ್ನೆ ಶಾಸ್ತ್ರಕ್ಕಲ್ಲ, ಅಡ್ಡಿ ಇದ್ದವರು ಹೇಳಲಿ ಅಂತ.

ಕಾನೂನಿನದು ಚಿಕ್ಕದಾಗಿ: ಹುಡುಗಿಗೆ 18, ಹುಡುಗನಿಗೆ 21 ತುಂಬಿರಬೇಕು. ಚರ್ಚಿನ ಮದುವೆಗೆ 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆ ಇದೆ. ವಿಶೇಷ ಅನುಮತಿ ಇಲ್ಲದಿದ್ದರೆ ಬೆಳಗ್ಗೆ 6ರಿಂದ ಸಂಜೆ 7ರ ಒಳಗೆ ಆಗಬೇಕು. ಬೇರೆ ಧರ್ಮದವರ ಜೊತೆ ರಿಜಿಸ್ಟರ್ ಮದುವೆಯಾದರೆ 1954ರ ವಿಶೇಷ ವಿವಾಹ ಕಾಯ್ದೆ, 30 ದಿನದ ನೋಟಿಸ್. ವರದಕ್ಷಿಣೆ ಕೊಡುವುದೂ ತಗೊಳ್ಳುವುದೂ 1961ರಿಂದ ಅಪರಾಧ. "ನಾವು ಕೇಳಿಲ್ಲ, ಅವರೇ ಪ್ರೀತಿಯಿಂದ ಕಾರು ಕೊಟ್ರು" ಅನ್ನುವ ಹಿರಿಯರು ಮುಂದಿನ ಸಾಲಿನಲ್ಲೇ ಕೂತಿರುತ್ತಾರೆ, ಏನು ಮಾಡೋದು.

7. ಕಾನ್ವೆಂಟು, ಸೆಮಿನರಿ ಕಡೆ ಮನಸ್ಸಿದ್ದರೆ

ಅವಸರ ಇಲ್ಲ, ವ್ಯವಸ್ಥೆಯೇ ನಿಧಾನವಾಗಿದೆ. ಸಿಸ್ಟರ್ ಆಗುವವರಿಗೆ ಕಡಿಮೆ ಅಂದರೂ ಹನ್ನೆರಡು ತಿಂಗಳ ನೊವಿಷಿಯೇಟ್, ಅಂದರೆ ವ್ರತಕ್ಕೆ ಮುಂಚಿನ ತರಬೇತಿ. ಆಮೇಲೆ ಕನಿಷ್ಠ ಮೂರು ವರ್ಷ ತಾತ್ಕಾಲಿಕ ವ್ರತ. ಕೊನೆಯ ವ್ರತಕ್ಕೆ 21 ತುಂಬಿರಲೇಬೇಕು. ಅಲ್ಲಿಯವರೆಗೆ ವಾಪಸ್ ಬರುವ ಬಾಗಿಲು ತೆರೆದೇ ಇರುತ್ತದೆ. ವಾಪಸ್ ಬಂದ ಹುಡುಗಿಯನ್ನು "ಓಡಿ ಬಂದವಳು" ಅನ್ನುವವರಿಗೆ ಈ ನಿಯಮ ಗೊತ್ತಿಲ್ಲ.

"ಮಗು ಹುಷಾರಾದರೆ ನಿನಗೇ ಕೊಡ್ತೀನಿ ತಾಯಿ" ಅಂತ ಹರಕೆ ಹೊತ್ತ ತಂದೆತಾಯಿಗಳಿಗೂ ಒಂದು ಮಾತು. ಹರಕೆ ನಿಮ್ಮದು, ಬಾಳು ಮಗುವಿನದು. ಜೀವನದ ದಾರಿ ಆರಿಸಿಕೊಳ್ಳುವಲ್ಲಿ ಯಾರ ಮೇಲೂ ಬಲವಂತ ಇರಬಾರದು ಅಂತ ಧರ್ಮಸಭೆಯ 219ನೇ ನಿಯಮವೇ ಹೇಳುತ್ತದೆ. ಹರಕೆ ತೀರಿಸಲು ಬೇರೆ ದಾರಿ ಫಾದರ್ ಹೇಳುತ್ತಾರೆ, ಹೋಗಿ ಕೇಳಿ.

8. ಒಬ್ಬರೇ ಇರುವುದಾದರೆ, ಲೆಕ್ಕ ಹಾಕಿ ಇರಿ

ಅಮ್ಮನ ಪ್ರಶ್ನೆಗೆ ಉತ್ತರ ಇಲ್ಲಿದೆ. ಆರೋಗ್ಯ ವಿಮೆ ಈಗಲೇ ಮಾಡಿಸಿ. ಪಿಎಫ್, ಬ್ಯಾಂಕು, ಎಲ್‌ಐಸಿಯಲ್ಲಿ ನಾಮಿನಿ ಯಾರ ಹೆಸರಿದೆ ಅಂತ ತೆಗೆದು ನೋಡಿ. ರಾತ್ರಿ ಎರಡಕ್ಕೆ ಜ್ವರ ಬಂದರೆ ಫೋನ್ ಮಾಡಲು ಇಬ್ಬರ ಹೆಸರು ಇರಲಿ, ಅವರಿಗೆ ಮೊದಲೇ ಹೇಳಿರಿ.

ಉಯಿಲು ಬರೆಯಿರಿ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಪ್ರಾರ್ಥನಾ ಕೂಟಗಳಲ್ಲಿ ಯಾರೂ ಹೇಳುವುದಿಲ್ಲ. ಕ್ರೈಸ್ತರಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಅನ್ವಯಿಸುತ್ತದೆ. ಅದರ ಪ್ರಕಾರ ಮದುವೆ ಮಕ್ಕಳಿಲ್ಲದವರು ಉಯಿಲು ಇಲ್ಲದೆ ತೀರಿಕೊಂಡರೆ, ಅಪ್ಪ ಬದುಕಿದ್ದರೆ ಆಸ್ತಿ ಪೂರ್ತಿ ಅಪ್ಪನಿಗೆ. ಅಮ್ಮನಿಗೆ ಪಾಲಿಲ್ಲ. ಜೊತೆಗಿದ್ದು ನೋಡಿಕೊಂಡ ತಂಗಿಗೂ ಇಲ್ಲ. ಉಯಿಲಿಗೆ ಇಬ್ಬರು ಸಾಕ್ಷಿ ಬೇಕು. ಮುಂದೆ ಮದುವೆಯಾದರೆ ಹಳೆಯ ಉಯಿಲು ರದ್ದಾಗುತ್ತದೆ, ಹೊಸದು ಬರೆಯಬೇಕು.

ಇನ್ನು ದಿನದ ಬದುಕು. ಒಬ್ಬರೇ ಇರುವುದು ಅಂದರೆ ಒಬ್ಬರೇ ಉಣ್ಣುವುದು ಅಂತಲ್ಲ. ವಾರಕ್ಕೊಮ್ಮೆ ಯಾರ ಮನೆಗಾದರೂ ಊಟಕ್ಕೆ ಹೋಗಿ, ಇಲ್ಲ ಯಾರನ್ನಾದರೂ ಕರೆಯಿರಿ. ಮಕ್ಕಳಿರುವ ಮನೆಯ ಜೊತೆ ಬಳಕೆ ಇಟ್ಟುಕೊಳ್ಳಿ. ಚರ್ಚಿನವರು "ನಿಮಗೇನು, ಸಂಸಾರ ಇಲ್ವಲ್ಲ" ಅಂತ ಸಂಡೇ ಸ್ಕೂಲು, ಗಾಯನ, ಹೂವಿನ ಅಲಂಕಾರ, ಕ್ರಿಸ್ಮಸ್ ಕೇಕ್ ಲೆಕ್ಕ ಎಲ್ಲ ನಿಮ್ಮ ತಲೆಗೆ ಕಟ್ಟಲು ನೋಡುತ್ತಾರೆ. ಎರಡು ಒಪ್ಪಿಕೊಳ್ಳಿ, ಉಳಿದದ್ದಕ್ಕೆ ನಗುತ್ತಾ ಆಗಲ್ಲ ಅನ್ನಿ. ಸೇವೆಗೆ ಬಿಡುವಿರಲಿ ಅಂತ ಪೌಲ ಹೇಳಿದ್ದು, ಬಿಟ್ಟಿ ಚಾಕರಿಗೆ ಅಲ್ಲ.

9. ತೀರ್ಮಾನ ಬದಲಾದರೆ?

ವ್ರತ ತಗೊಂಡಿಲ್ಲ ಅಂದರೆ, ಒಬ್ಬರೇ ಇರುತ್ತೇನೆ ಅಂದವರು ನಲವತ್ತೈದಕ್ಕೆ ಮನಸ್ಸು ಬದಲಿಸಿ ಮದುವೆಯಾಗಬಹುದು. ಅದರಲ್ಲಿ ಮಾನ ಹೋಗುವುದು ಏನೂ ಇಲ್ಲ. ಮದುವೆ ಹಾಗಲ್ಲ. ನೀವು ಎರಡು ಗೆರೆ ಎಳೆದ 10ನೇ ವಚನ ಅದೇ. ಹಿಂದೆ ಬರಲಾಗದ ದಾರಿ ಯಾವುದೋ ಅದಕ್ಕೆ ಜಾಸ್ತಿ ಯೋಚನೆ ಬೇಕು. ಆದ್ದರಿಂದ ಅನುಮಾನ ಇದ್ದರೆ ನಿಶ್ಚಿತಾರ್ಥಕ್ಕೆ ಮುಂಚೆ ಹೇಳಿ. ನಿಶ್ಚಿತಾರ್ಥ ಆಗಿದ್ದರೂ ಹೇಳಿ. ಕಲ್ಯಾಣ ಮಂಟಪದ ಅಡ್ವಾನ್ಸ್ ವಾಪಸ್ ಬರಲಿಕ್ಕಿಲ್ಲ. ಹೋದರೆ ಹೋಗಲಿ.